ಬರಬೇಕಾದ ಬಾಡಿಗೆ

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯ ಬದಿಗೆ ನನ್ನ ಹೆಸರಿನಲ್ಲಿ ಎರಡು ಅಂಗಡಿಗಳಿವೆ. ನನ್ನ ಹೆಸರಿನಲ್ಲಿ ಎಂದೆ, ನನ್ನವು ಎನ್ನಲಿಲ್ಲ. ಕಟ್ಟಿಸಿದವರು ಅಪ್ಪ. ಬದುಕಿರುವಾಗಲೇ ಒಬ್ಬಳೇ ಮಗಳ ಹೆಸರಿಗೆ ಮಾಡಿಸಿ ಹಗುರಾದರು. ಬಾಡಿಗೆ ವಸೂಲಿ ಮಾಡುವವಳು ಅವ್ವ, ಅದನ್ನು ಖರ್ಚು ಮಾಡುವವಳೂ ಅವ್ವ. ಆ ಬಾಡಿಗೆಯ ಮೇಲಿನ ಆದಾಯ ತೆರಿಗೆ ಮಾತ್ರ ಪೂರ್ತಿ ನನ್ನದು. "ಹೆಸರು ಯಾರದದ, ಟ್ಯಾಕ್ಸ್ ಅವರದು" ಎಂದು ಅವ್ವನ ವಾದ. ಕಾನೂನೂ ಅದನ್ನೇ ಹೇಳುವುದರಿಂದ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಬಾಯಿ ಮುಚ್ಚಿಕೊಂಡಿರುವುದು ನನಗೆ ಒಗ್ಗುವ ಕೆಲಸವಲ್ಲ ಎಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು.

ನಾನು ಬಸವಕಲ್ಯಾಣದಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಇಲ್ಲಿ ಅವಳಿಗೆ ಗೆಳತಿಯರಿದ್ದಾರೆ, ಟಿವಿ ಇದೆ, ಬೈಯಲು ನಾನಿದ್ದೇನೆ. ಆದರೂ ತಿಂಗಳಿಗೊಮ್ಮೆ ಹುಮನಾಬಾದಿಗೆ ಹೋಗದಿದ್ದರೆ ಅವಳಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಇಸ್ತ್ರಿಯ ಸೀರೆ ಉಟ್ಟು, ಚೀಲದಲ್ಲಿ ಒಂದು ನೀರಿನ ಬಾಟಲಿ ಇಟ್ಟುಕೊಂಡು, ಬೆಳಗಿನ ಬಸ್ಸು ಹತ್ತಿ, ನಡುವಿನ ರಾಜೇಶ್ವರ ಊರನ್ನು ದಾಟಿ ಹೋಗಿ ಬರುತ್ತಾಳೆ. ಎರಡು ಅಂಗಡಿಗಳಲ್ಲಿ ಒಂದು ಮೊಬೈಲಿನದು. ಆ ಹುಡುಗ ತಿಂಗಳು ಹುಟ್ಟುತ್ತಲೇ ಬಾಡಿಗೆಯನ್ನು ಫೋನಿನಿಂದ ನನ್ನ ಖಾತೆಗೆ ಹಾಕಿಬಿಡುತ್ತಾನೆ, ನಾನು ಅದನ್ನು ತೆಗೆದು ಅವ್ವನ ಕೈಗೆ ಕೊಡುತ್ತೇನೆ. ಅವ್ವನಿಗೆ ಅವನ ಮೇಲೆ ಅಷ್ಟಕ್ಕಷ್ಟೇ. "ಮುಖಾ ತೋರಸಂಗಿಲ್ಲ, ಚಹಾ ಕುಡಸಂಗಿಲ್ಲ, ಅದೆಂಥಾ ಕಿರಾಯಿ?" ಎನ್ನುತ್ತಾಳೆ.

ಅವಳು ಹೋಗುವುದು ಎರಡನೆಯ ಅಂಗಡಿಗೆ. ಅದು ಗಾದಿ ಅಂಗಡಿ. ಅರಳೆ ಹಿಂಜಿ ಗಾದಿ, ದಿಂಬು ಹೊಲಿದು ಕೊಡುವ ಆ ಮನುಷ್ಯ ಅಪ್ಪನ ಕಾಲದಿಂದಲೂ ಅಲ್ಲಿದ್ದಾರೆ. ನಾನು ಚಾಚಾ ಎನ್ನುತ್ತೇನೆ. ಅವರು ಅವ್ವನಿಗೆ ಅಕ್ಕಾ ಎನ್ನುತ್ತಾರೆ, ನನಗೆ ಬೇಟಿ ಎನ್ನುತ್ತಾರೆ. ನನ್ನ ಮದುವೆಯ ಗಾದಿಗಳು ಅವರ ಕೈಯವೇ. ಅವ್ವ ಅಲ್ಲಿ ಮಡಿಸಿಟ್ಟ ಗಾದಿಗಳ ಮೇಲೆ ಕೂತು ಚಹಾ ಕುಡಿದು, ಬೀದಿಯ ಸುದ್ದಿಯನ್ನೆಲ್ಲ ಕೇಳಿಕೊಂಡು, ಬಾಡಿಗೆಯ ದುಡ್ಡನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಾಳೆ. ಎಣಿಸಿದರೆ ಅವಮಾನ ಮಾಡಿದಂತೆ ಎಂದು ಅವಳ ಎಣಿಕೆ.

ಹೋದ ಫೆಬ್ರುವರಿಯಲ್ಲಿ ಕಾಲೇಜಿನ ಆಫೀಸಿನವರು ಪ್ರತಿ ವರ್ಷದಂತೆ ತೆರಿಗೆಯ ವಿವರ ಕೇಳಿದರು. ಸಂಬಳದ ಹೊರತು ಬೇರೆ ಆದಾಯವಿದ್ದರೆ ಅದನ್ನೂ ಬರೆದುಕೊಡಬೇಕು. ಅವರು ಉಳಿದ ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಆ ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಕೇಳಿದೆ. "ಗಾದಿ ಅಂಗಡಿದು ಈ ವರ್ಷ ಎಷ್ಟ ಬಂದದ?"

"ಬಂದಿಲ್ಲ."

"ಈ ತಿಂಗಳದಾ?"

"ಮಳಿಗಾಲ ಸುರು ಆದಾಗಿಂದ ಬಂದಿಲ್ಲ."

ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಹಾಗಾದರೆ ಇವಳು ತಿಂಗಳು ತಿಂಗಳು ಬಸ್ಸು ಹತ್ತಿ ಹೋಗಿ ಬಂದದ್ದು ಏತಕ್ಕೆ? ಕೇಳಿದರೆ, ಮಾತಾಡಿಸಿ ಬರಲಿಕ್ಕೆ ಎಂದಳು. ಚಾಚಾಗೆ ದಮ್ಮು ಹೆಚ್ಚಾಗಿದೆಯಂತೆ. ಇಷ್ಟು ವರ್ಷ ಕುಡಿದ ಅರಳೆಯ ಧೂಳು ಎದೆಯಲ್ಲಿ ಕೂತಿದೆ, ಇನ್ನು ಹಿಂಜುವ ಮಷೀನಿನ ಹತ್ತಿರ ಸುಳಿಯಬಾರದು ಎಂದು ಬೀದರಿನ ಡಾಕ್ಟರು ಹೇಳಿದ್ದಾರಂತೆ. ಚಾಚಿ ಮನೆಯಲ್ಲೇ ದಿಂಬಿನ ಗೌಸು ಹೊಲಿದು ಸಂಸಾರ ತೂಗಿಸುತ್ತಿದ್ದಾಳಂತೆ. ಮಕ್ಕಳಿಲ್ಲದ ಮನೆ ಅದು. ಇಷ್ಟನ್ನೂ ಅವ್ವ ರೊಟ್ಟಿಯಿಂದ ಕಣ್ಣೆತ್ತದೆ ಹೇಳಿದಳು.

"ಮತ್ತ ನೀ ಏನಂದಿ?"

"ಏನನ್ನಲಿ? ನಡೀತದ ಅಂದೆ."

ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಸಮಾಧಾನವೇ ಆಯಿತು. ಚಾಚಾನ ಬಗ್ಗೆ ಕೆಡುಕೆನಿಸಿತು, ಅದು ಬೇರೆ. ಆದರೆ ಬಾಡಿಗೆ ಬಂದಿಲ್ಲವೆಂದರೆ ಆದಾಯ ಬಂದಿಲ್ಲ, ಆದಾಯ ಬಂದಿಲ್ಲವೆಂದರೆ ತೆರಿಗೆ ಇಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಖುಷಿಪಟ್ಟೆ. ನಮ್ಮ ಬಜಾರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕೈಗೆ ಬಂದಾಗ ಆದಾಯ, ಬಾರದಿದ್ದರೆ ಅದು ಬರೀ ಮಾತು. ಆ ಭರವಸೆಯ ಮೇಲೆ ಮರುದಿನ ಕಾಲೇಜು ಬಿಟ್ಟ ಮೇಲೆ ನಮ್ಮ ತೆರಿಗೆ ಕಾಗದ ನೋಡುವ ಆಡಿಟರ್ ಬಳಿ ಹೋದೆ.

ಆಡಿಟರ್ ನನಗಿಂತ ಚಿಕ್ಕವರು, ನಮ್ಮೂರಿನ ತ್ರಿಪುರಾಂತ ಬಡಾವಣೆಯ ಕಡೆ ಒಂದು ಮಹಡಿಯ ಮೇಲೆ ಅವರ ಆಫೀಸು. ಜನ ಎಷ್ಟೇ ಜೋರು ಮಾಡಿದರೂ ದನಿ ಎತ್ತುವವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, "ಮೇಡಂ, ಹಂಗ ಬರಂಗಿಲ್ರಿ" ಎಂದರು. "ಬಾಡಿಗಿ ವಿಷಯದಾಗ ಬಂದದ್ದಷ್ಟ ಲೆಕ್ಕ ಅಲ್ರಿ, ಬರಬೇಕಾದದ್ದೂ ಲೆಕ್ಕ. ಏಪ್ರಿಲ್‌ದಿಂದ ಮಾರ್ಚ್ ತನಕಾ ಆ ಅಂಗಡಿ ಕಿರಾಯಿಗಿ ಅದ. ಅಷ್ಟೂ ತಿಂಗಳದ ಕಿರಾಯಿ ಈ ವರ್ಷದ ಆದಾಯ. ರೊಕ್ಕ ಕೈಗಿ ಬರ್ಲಿ, ಬಿಡ್ಲಿ."

"ಬರದ ರೊಕ್ಕಕ್ಕ ಟ್ಯಾಕ್ಸ್ ಹ್ಯಾಂಗ ಕಟ್ಟಬೇಕ್ರಿ?" ನನ್ನ ದನಿ ಏರಿತು. ಹೊರಗೆ ಬೆಂಚಿನ ಮೇಲೆ ಕೂತವರು ಒಳಗೆ ಇಣುಕಿದರು.

"ಬಿಡಬೇಕಂದ್ರ ಒಂದ ದಾರಿ ಅದರಿ. ವಸೂಲಾಗದ ಬಾಡಿಗಿ ಅಂತ ತೋರಸಬಹುದು. ಆದ್ರ ಶರತ್ತ ಅವ. ಕಿರಾಯಿದಾರ ಖಾಲಿ ಮಾಡಿ ಹೋಗಿರಬೇಕು. ಇಲ್ಲಾ ಅವರನ್ನ ಬಿಡಸಲಿಕ್ಕ ನೀವು ಕ್ರಮ ತಗೊಂಡಿರಬೇಕು. ನಿಮ್ಮ ಬ್ಯಾರೆ ಯಾವ ಜಾಗಾದಾಗೂ ಅವರು ಇರಬಾರದು. ಬಾಕಿ ಸಲುವಾಗಿ ಕೋರ್ಟಿಗಿ ಹೋಗಿರಬೇಕು, ಇಲ್ಲಾ ಹೋದ್ರೂ ಉಪಯೋಗಿಲ್ಲ ಅಂತ ತೋರಸಬೇಕು."

"ಅಂದ್ರ ಚಾಚಾಗ ನೋಟಿಸ್ ಕೊಡ್ಲಾ?"

"ನಾ ಕೊಡ್ರಿ ಅನ್ನಾಕತ್ತಿಲ್ರಿ. ಕಾಯ್ದೆ ಹಿಂಗ ಅದ ಅಂತ ಹೇಳಾಕತ್ತೇನಿ."

ನನಗೆ ಮೈಯೆಲ್ಲ ಉರಿಯಿತು. ಬಡವನನ್ನು ಬೀದಿಗೆ ದೂಡಿದರೆ ತೆರಿಗೆ ಮಾಫಿ, ಇರಲಿ ಬಿಡು ಎಂದರೆ ತೆರಿಗೆ ಪೂರ್ತಿ. ಇದೆಂಥ ನ್ಯಾಯ ಎಂದು ಅವರ ಮೇಲೆಯೇ ಹರಿಹಾಯ್ದೆ, ಆ ಕಾಯ್ದೆಯನ್ನು ಅವರೇ ಬರೆದವರ ಹಾಗೆ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಶರತ್ತ ಇಡಲಿಲ್ಲಂದ್ರ ನಾಳಿಂದ ಊರಾಗಿನ ಮಾಲಕರೆಲ್ಲ ಬಾಡಿಗಿ ಬಂದಿಲ್ಲ ಅಂತಾನ ಬರಸ್ತಾರ. ಸರ್ಕಾರ ಯಾರ ಕಿಸೆ ನೋಡಬೇಕ್ರಿ?" ಎಂದರು. ಅದೂ ನಿಜವೇ. ನಿಜವಾದ ಮಾತು ಕೇಳಿದಾಗ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಎದ್ದು ಹೊರಡಲಿದ್ದೆ.

ಆಗ ಅವರೇ ತಡೆದು ಕೇಳಿದರು. "ನಿಮ್ಮ ತಾಯಿಯವರು ಅವರಿಗಿ ಏನಂತ ಹೇಳ್ಯಾರ್ರಿ?"

"ನಡೀತದ ಅಂದಾಳ."

"ನಡೀತದ ಅಂದ್ರ? ಕಿರಾಯಿ ಕಮ್ಮಿ ಮಾಡ್ಯಾರೋ, ಆಮ್ಯಾಲೆ ಕೊಡು ಅಂದಾರೋ, ಮಾಫ್ ಮಾಡ್ಯಾರೋ?"

ಮೂರಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಆ ಹೊತ್ತಿಗೇ, ಮುಂದಿನ ತಿಂಗಳುಗಳ ಬಾಡಿಗೆ ಇಷ್ಟೇ ಎಂದು ಇಬ್ಬರೂ ಒಪ್ಪಿ ಇಳಿಸಿದ್ದರೆ ಬರಬೇಕಾದದ್ದು ಅಷ್ಟೇ ಆಗುತ್ತದೆ, ತೆರಿಗೆಯೂ ಅಷ್ಟಕ್ಕೇ. ಆಮೇಲೆ ಕೊಡು ಎಂದಿದ್ದರೆ ಪೂರ್ತಿ ಬಾಡಿಗೆ ಈ ವರ್ಷದ ಲೆಕ್ಕಕ್ಕೇ ಬರುತ್ತದೆ. ಮುಂದೆ ಎಂದಾದರೂ ದುಡ್ಡು ಬಂದಾಗ ಮತ್ತೆ ತೆರಿಗೆಯಿಲ್ಲ. ತಿಂಗಳು ತುಂಬಿದ ಮೇಲೆ ಬಾಕಿಯನ್ನು ಬಿಟ್ಟುಕೊಟ್ಟಿದ್ದರೆ, ಅದು ನಮ್ಮ ದೊಡ್ಡತನ, ಲೆಕ್ಕದಿಂದ ಹೊರಗೆ ಹೋಗುವುದಿಲ್ಲ. "ಖರೇನ ಆವಾಗ ಕಮ್ಮಿ ಮಾಡಿದ್ರ, ಅದನ್ನ ಈಗ ಒಂದ ಹಾಳಿ ಮ್ಯಾಲ ಬರಸಿ ಕಿರಾಯಿದಾರರ ಸಹಿ ತಗೊಳ್ರಿ. ಮಾಡಿಲ್ಲಂದ್ರ ಬ್ಯಾಡ್ರಿ. ಸುಳ್ಳಿನ ಕಾಗದ ನನಗ ತರಬ್ಯಾಡ್ರಿ."

ದಾರಿಯುದ್ದಕ್ಕೂ ಆ ಒಂದು ಶಬ್ದವನ್ನು ತಿರುಗಿಸಿ ತಿರುಗಿಸಿ ನೋಡುತ್ತ ಬಂದೆ. ಕ್ರಿಯಾಪದದ ಕಾಲಗಳನ್ನು ಮಕ್ಕಳಿಗೆ ಕಲಿಸುವವಳು ನಾನು. ನಡೆಯುತ್ತದೆ ಎಂಬುದು ಇವತ್ತಿಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ. ಕಾಲ ಗೊತ್ತಾಗದಿದ್ದರೆ ಹೋಗಲಿ, ಕರ್ತೃ ಯಾರು? ಏನು ನಡೆಯುತ್ತದೆ? ನಮ್ಮ ಕಡೆ ಸಾರಿಗೆ ಉಪ್ಪು ಕಡಿಮೆಯಾದರೆ ನಡೀತದ. ಬಸ್ಸಿನಲ್ಲಿ ಕೂಡಲು ಜಾಗ ಇಲ್ಲದಿದ್ದರೆ ನಡೀತದ. ಬೀಗರು ಹೇಳಿದ ದಿನ ಬಾರದಿದ್ದರೆ ನಡೀತದ. ಆ ಮಾತನ್ನು ಆಡಿದವರಿಗೂ ಕೇಳಿದವರಿಗೂ ಅದರಿಂದ ಮನಸ್ಸು ಹಗುರಾಗುತ್ತದೆ, ಆದರೆ ಅಲ್ಲಿ ಏನು ತೀರ್ಮಾನವಾಯಿತು ಎಂದು ಇಬ್ಬರಿಗೂ ಗೊತ್ತಿರುವುದಿಲ್ಲ. ಅಂಥ ಶಬ್ದವನ್ನು ಆದಾಯ ತೆರಿಗೆಯ ಕಾಗದದಲ್ಲಿ ಯಾವ ಕಾಲಮ್ಮಿನಲ್ಲಿ ತುಂಬಬೇಕು?

ಮನೆಗೆ ಬಂದವಳೇ ಅವ್ವನನ್ನು ಎದುರಿಗೆ ಕೂರಿಸಿಕೊಂಡೆ. "ಅವ್ವಾ, ನೀ ನಡೀತದ ಅಂದಾಗ ನಿನ್ನ ಮನಸ್ಸಿನಾಗ ಏನಿತ್ತು, ನೆನಪ ಮಾಡಿ ಹೇಳು."

ಅವ್ವ ನೆನಪು ಮಾಡಿಕೊಂಡು ಹೇಳಿದಳು. "ಅಂವ ಕೆಮ್ಮಾಕತ್ತಿದ್ದ. ಕೆಮ್ಮಕೋತನ ಕಿರಾಯಿ ಮಾತ ಹೇಳ್ಳಿಕ್ಕ ಹೋದ. ಮಾತ ನಿಂದ್ರಸಿದ್ರ ಕೆಮ್ಮ ನಿಂದ್ರತದ ಅಂತಿತ್ತು."

"ಕಿರಾಯಿ ಕಮ್ಮಿ ಮಾಡಿದ್ಯೋ, ಇಲ್ಲೋ?"

"ಅದೆಲ್ಲ ಎಲ್ಲಿ ಮಾತಾಡೀವಿ? ನಡೀತದ ಅಂದ್ರ ನಡೀತದ."

"ಅಂದ್ರ ಕೊಡಬ್ಯಾಡಂತ?"

"ಕೊಡಬ್ಯಾಡ ಅಂತ ಯಾರಂದ್ರು? ಹಂಗ ಅನ್ನಲಿಕ್ಕ ಅಂವೇನ ಭಿಕ್ಷುಕನಾ?" ಅವ್ವ ನನ್ನ ಮೇಲೇ ಏರಿ ಬಂದಳು. ನಮ್ಮ ಮನೆಯಲ್ಲಿ ಸಿಟ್ಟು ಯಾರ ಕಡೆಯಿಂದ ಬಂದದ್ದು ಎಂದು ಹೊರಗಿನವರು ಹುಡುಕಬೇಕಾಗಿಲ್ಲ.

ಆದರೂ ನನ್ನ ತಲೆಯಲ್ಲಿ ಒಂದು ಹುಳು ಹೊಕ್ಕಿತ್ತು. ಅವ್ವನಿಗೆ ಸ್ಪಷ್ಟವಿಲ್ಲದಿದ್ದರೇನು, ಕೇಳಿಸಿಕೊಂಡವರಿಗೆ ಇದ್ದೀತು. ಬಾಡಿಗೆ ಕಡಿಮೆಯಾಯಿತು ಎಂದೇ ಚಾಚಾ ತಿಳಿದಿದ್ದರೆ? ಅವರಿಗೂ ಒಳ್ಳೆಯದು, ಬಾಕಿಯ ಭಾರ ಇಳಿಯುತ್ತದೆ. ನನಗೂ ಒಳ್ಳೆಯದು. ಅಕ್ಷರ ಅಕ್ಷರ ತೂಗಿ, ಮಳೆಗಾಲದಿಂದ ಬಾಡಿಗೆಯನ್ನು ಇಷ್ಟಕ್ಕೆ ಇಳಿಸಲಾಗಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು, ಭಾನುವಾರ ಅವ್ವನ ಜೊತೆ ನಾನೂ ಬಸ್ಸು ಹತ್ತಿದೆ.

ಗಾದಿ ಅಂಗಡಿಯ ಷಟರ್ ಎತ್ತಿತ್ತು. ಹಿಂಜುವ ಮಷೀನಿನ ಮೇಲೆ ಹಳೆಯ ಚಾದರ ಹೊದಿಸಿದ್ದರು. ಅರಳೆಯ ಮೂಟೆಗಳಿದ್ದ ಕಡೆ ಈಗ ಹೊರಗಿನಿಂದ ತರಿಸಿದ ನಾಲ್ಕಾರು ದಿಂಬುಗಳು ಮಾತ್ರ ಇದ್ದವು. ಚಾಚಾ ಬಾಗಿಲ ಹತ್ತಿರ, ಗಾಳಿ ಬರುವ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಷ್ಟು ಇಳಿದುಹೋಗಿದ್ದರೆಂದರೆ ಅಂಗಿಯೊಳಗೆ ಬೇರೊಬ್ಬರ ಮೈ ಇದ್ದ ಹಾಗಿತ್ತು. ನನ್ನನ್ನು ನೋಡಿ ಎದ್ದರು. ಬೇಡವೆಂದರೂ ಕೇಳದೆ ತಾವೇ ಎದುರಿನ ಹೋಟೆಲಿಗೆ ಕೂಗಿ ಚಹಾ ಹೇಳಿದರು. ಆ ಕೂಗಿಗೇ ಅವರಿಗೆ ದಮ್ಮು ಬಂತು.

ಕೈ ಹಿಡಿದು ಕೂರಿಸಿದೆ. ಆದರೆ ಬಂದ ಕೆಲಸ ಬಿಡುವವಳಲ್ಲ ನಾನು. ಚಾಚಾಗೆ ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಓದು ಮಾತ್ರ ಉರ್ದು. ಹಾಗಾಗಿ ನಾನೇ ಹಾಳೆಯನ್ನು ಓದಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಮುಗಿದ ಮೇಲೆ, "ಕಮ್ಮಿ ಮಾಡೀವಿ ಅಂತ ನೀವು ಯಾವಾಗ ಅಂದ್ರಿ, ಮೇಡಂ?" ಎಂದು ಕೇಳಿದರು.

ಹುಟ್ಟಿದಾಗಿನಿಂದ ಬೇಟಿ ಎಂದು ಕರೆದ ಬಾಯಿಂದ ಮೇಡಂ ಬಂತು. ನಾನು ತಡವರಿಸಿದೆ. "ಅವ್ವ ನಡೀತದ ಅಂದಿದ್ಳಲ್ಲ ಚಾಚಾ..."

"ಹೌದ್ರಿ. ಅಕ್ಕಾ ನಡೀತದ ಅಂದ್ರು. ಕಿರಾಯಿ ನಡೀತದ, ನಿಂತಿಲ್ಲ ಅಂತ ನಾ ತಿಳಕೊಂಡೀನಿ. ತಿಂಗಳಾ ತಿಂಗಳಾ ನನ್ನ ತಲ್ಯಾಗ ಅದು ನಡೀಲಾಕತ್ತದ."

ಅವ್ವ ನನ್ನ ಮುಖ ನೋಡಿದಳು. ನಾನು ರಸ್ತೆ ನೋಡಿದೆ. ಮಳೆಗಾಲದಿಂದ ಇಬ್ಬರೂ ಒಂದೇ ಶಬ್ದವನ್ನು ಹಿಡಿದುಕೊಂಡಿದ್ದರು. ಅವ್ವನ ಬಾಯಲ್ಲಿ ಅದು ಇರಲಿ ಬಿಡು ಎಂದಿತ್ತು, ಚಾಚಾನ ಕಿವಿಯಲ್ಲಿ ಅದು ಬಾಡಿಗೆ ಓಡುತ್ತಲೇ ಇದೆ ಎಂದಾಗಿತ್ತು. ಕನ್ನಡದಲ್ಲಿ ಎರಡೂ ಸರಿ.

"ಸಹಿ ಮಾಡಿದ್ರ ನಿಮ್ಮ ಬಾಕಿನೂ ಕಮ್ಮಿ ಆಗ್ತದ ಚಾಚಾ" ಎಂದೆ, ಮೆಲ್ಲಗೆ.

"ಆಗದ ಮಾತಿಗಿ ಹ್ಯಾಂಗ ಸಹಿ ಮಾಡ್ಲ್ರಿ? ಮತ್ತ ಕಿರಾಯಿ ಇಲ್ದಾಂವ ಈ ಖುರ್ಚಿ ಮ್ಯಾಲ ಹ್ಯಾಂಗ ಕೂಡಬೇಕು? ಮನ್ಯಾಗ ಕುಂತ್ರ ನಾ ಬರೇ ಬಿಮಾರ ಮನಶ್ಯಾ. ಷಟರ್ ಎತ್ತಿ ಇಲ್ಲಿ ಕುಂತ್ರ ದುಕಾನದಾಂವ. ಇಜ್ಜತ್ ಅಂತ ಉಳದದ್ದು ಇಷ್ಟ ಅದರಿ." ಅಷ್ಟು ಹೇಳುವಷ್ಟರಲ್ಲಿ ಉಸಿರು ಸಾಲದೆ, ಕಿಸೆಯಿಂದ ದಮ್ಮಿನ ಪಂಪು ತೆಗೆದು ಎಳೆದುಕೊಂಡರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಸುಳ್ಳು ಕಾಗದ ತಂದವಳು ಎನಿಸಿಕೊಂಡದ್ದು ನನಗೆ ಚುಚ್ಚುತ್ತಿತ್ತು. ನಾನು ಯಾಕೆ ಹೀಗೆ ಮಾಡಬೇಕಾಯಿತು ಎಂದು ಆಡಿಟರ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿಬಿಟ್ಟೆ. ಬರದ ಬಾಡಿಗೆಗೂ ನಾನು ತೆರಿಗೆ ಕಟ್ಟಬೇಕು, ಕಿರಾಯಿದಾರ ಖಾಲಿ ಮಾಡಿದ್ದರೆ ಅಥವಾ ನಾನು ನೋಟಿಸ್ ಕೊಟ್ಟಿದ್ದರೆ ಅದನ್ನು ಬಿಡಿಸಿಕೊಳ್ಳಬಹುದಿತ್ತು, ಕಾಯ್ದೆ ಹೀಗಿದೆ, ನಾನೇನು ಮಾಡಲಿ ಎಂದೆ. ಚಹಾ ಬಂತು, ಕುಡಿದೆವು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ರಾಜೇಶ್ವರದ ಸ್ಟಾಪು ಬಂದಾಗ ಒಂದು ಮಾತಾಡಿದಳು. "ನಿನ್ನ ಟ್ಯಾಕ್ಸ್ ಎಷ್ಟ ಬೀಳ್ತದ ಹೇಳು. ನನ್ನ ಕೈಯಾಗಿನ ಬಂಗಾರದ ಪಾಟ್ಲಿ ಮಾರಿ ಕೊಡ್ತೀನಿ."

"ಸುಮ್ನ ಕೂಡವ್ವಾ" ಎಂದೆ. ಪಾಟ್ಲಿ ಮಾರುವಷ್ಟೇನೂ ಅಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನನ್ನನ್ನು ಚುಚ್ಚಲಿಕ್ಕೆ ಅಂದದ್ದು, ಸರಿಯಾಗಿ ಚುಚ್ಚಿತು. ಸೋಮವಾರ ಕಾಲೇಜಿನ ಆಫೀಸಿಗೆ ಹೋಗಿ ಎರಡೂ ಅಂಗಡಿಗಳ ಇಡೀ ವರ್ಷದ ಬಾಡಿಗೆಯನ್ನು, ಬಂದದ್ದು ಬಾರದ್ದು ಎನ್ನದೆ, ಬರೆದುಕೊಟ್ಟೆ. ಪುರಸಭೆಗೆ ಕಟ್ಟಿದ ತೆರಿಗೆ ಕಳೆದು, ಉಳಿದದ್ದರಲ್ಲಿ ನೂರಕ್ಕೆ ಮೂವತ್ತು ರಿಪೇರಿ ಗಿಪೇರಿ ಎಂದು ಕಾಯ್ದೆಯೇ ಬಿಡುತ್ತದೆ. ಮಿಕ್ಕದ್ದಕ್ಕೆ ನನ್ನ ಸಂಬಳದಲ್ಲಿ ಮುರಿದುಕೊಂಡರು. ಆಡಿಟರ್‌ಗೆ ಫೋನು ಮಾಡಿ ಹೇಳಿದಾಗ, "ಛಲೋ ಆತ್ರಿ" ಎಂದರು. ನನ್ನ ಪಾಲಿಗೆ ಅದು ಅಲ್ಲಿಗೆ ಮುಗಿದಿತ್ತು. ಚಾಚಾಗೆ ಅದನ್ನು ತಿಳಿಸಬೇಕು ಎಂದು ನನಗೆ ಹೊಳೆಯಲೂ ಇಲ್ಲ.

ಮಾರ್ಚ್ ಮುಗಿಯುತ್ತ ಬಂದಾಗ, ಬಿಸಿಲು ಏರುತ್ತಿದ್ದ ಒಂದು ರಜೆಯ ದಿನ, ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಚಾಚಾ. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಏರು ದಾರಿ. ಬೆವರಿ ಹೋಗಿದ್ದರು, ಮಾತು ಹೊರಡುತ್ತಿರಲಿಲ್ಲ. ಅವ್ವ ಓಡಿ ಬಂದು ಫ್ಯಾನಿನ ಕೆಳಗೆ ಕೂರಿಸಿದಳು, ನೀರು ಕೊಟ್ಟಳು, ಈ ಬಿಸಿಲಿನಲ್ಲಿ ಬರುವಂಥದ್ದು ಏನಿತ್ತು ಎಂದು ಬೈದಳು. ಉಸಿರು ಹದಕ್ಕೆ ಬಂದ ಮೇಲೆ ಅವರು ಕಿಸೆಯಿಂದ ಅಂಗಡಿಯ ಚಾವಿ ತೆಗೆದು ನನ್ನ ಎದುರಿನ ಸ್ಟೂಲಿನ ಮೇಲೆ ಇಟ್ಟರು.

"ಮಷೀನ, ಕಪಾಟ ಮಾರೀನ್ರಿ. ನಾಳಿಗಿ ಒಯ್ಯತಾರ. ಉಳದದ್ದು ಚಿಲ್ಲರ ಸಾಮಾನ ಮನೀಗಿ ಒಯ್ದೀನಿ. ಮಾರ್ಚ್ ಮುಗಿಯೋದ್ರಾಗ ಖಾಲಿ ಆದ್ರ ನಿಮಗ ಟ್ಯಾಕ್ಸ್ ಬೀಳಂಗಿಲ್ಲಂತಲ್ಲ. ನೀವೇ ಹೇಳಿದ್ರಿ. ಬಾಕಿ ನಾ ಹ್ಯಾಂಗರ ಮಾಡಿ ಮುಟ್ಟಸ್ತೀನಿ. ಆದ್ರ ನನ್ನ ಸಲುವಾಗಿ ನೀವು ದಂಡ ತೆರೋದು ಬ್ಯಾಡ್ರಿ."

ನನಗೆ ಅಳು ಬಂತು. ನಾನು ಅಳುವವಳಲ್ಲ, ಅಳು ಬಂದಾಗ ಸಿಟ್ಟು ಮಾಡುವವಳು. ಹಾಗೇ ಮಾಡಿದೆ. "ಯಾರ ಕೇಳಿದ್ರು ನಿಮಗ ಖಾಲಿ ಮಾಡ್ರಂತ? ನಾ ಕೇಳಿದ್ನಾ? ಅವ್ವ ಕೇಳಿದ್ಳಾ? ಟ್ಯಾಕ್ಸ್ ಹೋದ ತಿಂಗಳೇ ಕೊಟ್ಟಾಗ್ಯಾದ ಚಾಚಾ! ವರ್ಷದ್ದ ಪೂರಾ ತೋರ್ಸೀನಿ. ಈಗ ಚಾವಿ ತಂದಿಟ್ರ ನಾ ಏನ ಮಾಡ್ಲಿ?"

ಅವರು ಗಾಬರಿಯಾಗಿ ನನ್ನನ್ನು ನೋಡಿದರು. "ಬಂದಿಲ್ಲದ ಕಿರಾಯಿ ಬಂದದ ಅಂತ ಬರದ್ರ್ಯಾ?"

"ಬಂದದ ಅಂತ ಬರದಿಲ್ಲ. ಬರಬೇಕಾದದ್ದು ಅಂತ ಬರದೀನಿ."

ಅವರು ಆ ಮಾತನ್ನು ಬಾಯೊಳಗೇ ಒಮ್ಮೆ ಅಂದುಕೊಂಡರು. ಮುಖದ ಬಿಗುವು ಸ್ವಲ್ಪ ಸಡಿಲಾಯಿತು. ನಾನು ಆ ಹೊತ್ತನ್ನು ಕೈಬಿಡಲಿಲ್ಲ. ಒಳಗಿಂದ ಒಂದು ಖಾಲಿ ಹಾಳೆ ತಂದು, ಇದು ಬರುವ ಏಪ್ರಿಲ್‌ನಿಂದ ಎಂದು ಮೊದಲೇ ಹೇಳಿದೆ. ಹಿಂದಿನದನ್ನು ಯಾರೂ ಮುಟ್ಟುವುದಿಲ್ಲ. ಇನ್ನೂ ಹುಟ್ಟದ ತಿಂಗಳುಗಳ ಬಾಡಿಗೆಯನ್ನು ಎಷ್ಟೆಂದು ಗೊತ್ತು ಮಾಡಿಕೊಳ್ಳಲು ಯಾವ ಸುಳ್ಳೂ ಬೇಕಾಗಿಲ್ಲ. ಹಳೆಯ ಬಾಡಿಗೆ ಐದು ಸಾವಿರ. "ಏಪ್ರಿಲ್‌ದಿಂದ ಎರಡ ಸಾವಿರ" ಎಂದೆ.

ಚಾಚಾ ನೆಟ್ಟಗೆ ಕೂತರು. "ಎರಡ ಸಾವಿರಕ್ಕ ಹುಮನಾಬಾದದಾಗ ಪಾನ್ ಡಬ್ಬಿನೂ ಸಿಗಂಗಿಲ್ರಿ. ನಾಕೂವರಿ."

"ಮಷೀನ ಇಲ್ಲ, ಧಂದಾ ಇಲ್ಲ, ನಾಕೂವರಿ ಎಲ್ಲಿಂದ ತರ್ತೀರಿ? ಎರಡೂವರಿ."

"ಮಷೀನ ಇಲ್ಲಂದ್ರೇನಾತು? ಹೈದ್ರಾಬಾದದಿಂದ ತಯಾರ ಗಾದಿ ತರಸಿ ಮಾರತೀನಿ. ಅದರಾಗ ಧೂಳ ಇಲ್ಲ. ನಾಕು. ಅದರಕಿಂತ ಕೆಳಗ ನಾ ಇಳಿಯಂಗಿಲ್ಲ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಮಾಲಕಿ ಇಳಿಸುತ್ತ ಹೋಗುವುದು, ಕಿರಾಯಿದಾರ ಏರಿಸುತ್ತ ಹೋಗುವುದು ಅವಳು ತನ್ನ ಜನ್ಮದಲ್ಲೇ ನೋಡಿರಲಿಲ್ಲ. ಬಾಡಿಗೆ ಬಜಾರಿನ ದರಕ್ಕಿಂತ ತೀರ ಕೆಳಗಿದ್ದರೆ ಇಲಾಖೆಯವರು ಒಪ್ಪದೆ ಹೋಗಬಹುದು ಎಂದು ಆಡಿಟರ್ ಫೋನಿನಲ್ಲಿ ಎಚ್ಚರಿಸಿದ್ದು ನನಗೆ ನೆನಪಾಯಿತು. ಅದನ್ನು ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಚಾಚಾ ಅದನ್ನೇ ಗಟ್ಟಿ ಹಿಡಿದರು. ಕೊನೆಗೆ ಅವ್ವ ನಡುವೆ ಬಂದು ಮೂರೂವರೆ ಎಂದಳು, ಇನ್ನು ಒಬ್ಬರೂ ಬಾಯಿ ತೆಗೆಯಬಾರದು ಎಂದಳು. ಹಾಳೆಯ ಮೇಲೆ ಬರೆದೆ. ಈ ಸಲ ಓದಿ ಹೇಳಿದ್ದಕ್ಕೆ ಚಾಚಾ ತಲೆಯಾಡಿಸಿ ಉರ್ದುವಿನಲ್ಲಿ ಸಹಿ ಮಾಡಿದರು. ಮಷೀನಿನ ಕಡೆಯವರಿಗೆ ನಮ್ಮ ಮನೆಯಿಂದಲೇ ಫೋನು ಹಚ್ಚಿ, ಮಷೀನು ಒಯ್ಯಿರಿ, ಆದರೆ ಒಳಗಿನ ಕಪಾಟು ಇರಲಿ, ಅದು ತಮಗೆ ಬೇಕು ಎಂದರು.

ಊಟ ಮಾಡಿದೆವು. ಕೈ ತೊಳೆದು ಬಂದು ಕೂತವರು ಏನೋ ಯೋಚನೆಯಲ್ಲಿದ್ದರು. "ಒಂದ ಮಾತ ಕೇಳ್ಲ್ರಿ? ಹಳೇ ಬಾಕಿ ನಾ ಕೊಟ್ಟಾಗ ನಿಮಗ ಮತ್ತ ಟ್ಯಾಕ್ಸ್ ಬೀಳ್ತದೇನು?"

"ಇಲ್ಲ ಚಾಚಾ. ಅದು ಒಮ್ಮಿ ಲೆಕ್ಕಕ್ಕ ಬಂದು ಹೋಗ್ಯಾದ. ನೀವು ಕೊಟ್ಟಾಗ ಸರ್ಕಾರ ಮತ್ತ ಕೇಳಂಗಿಲ್ಲ."

"ಅಂದ್ರ ಸರ್ಕಾರದ ಹಿಸಾಬಿನಾಗ ನಾ ಆಗಲೇ ಕೊಟ್ಟಂಗಾತು."

"ಹೌದ್ರಿ. ಹಂಗ ಅನ್ರಿ."

ಅವರ ಮುಖದ ಮೇಲೆ ಆ ಇಡೀ ವರ್ಷದಲ್ಲಿ ನಾನು ಕಾಣದ ಒಂದು ನಗೆ ಬಂತು. "ಹಂಗಾದ್ರ ಸರ್ಕಾರದಂಥಾ ದೊಡ್ಡವರದು ತೀರ್ತು. ಇನ್ನ ನಿಮ್ಮದೊಂದ ಉಳದದ" ಎಂದು ಚಾವಿಯನ್ನು ಎತ್ತಿ ಕಿಸೆಗೆ ಹಾಕಿಕೊಂಡು, ನಾಳೆ ಹೊತ್ತಿಗೆ ಸರಿಯಾಗಿ ಷಟರ್ ಎತ್ತಬೇಕು ಎಂದು ಅವಸರ ಮಾಡಿ ಮಧ್ಯಾಹ್ನದ ಬಸ್ಸಿಗೇ ಹೊರಟರು.